ಮಾತು ಬಿಟ್ಟವನ ಒಳಗೆ

ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವುದು ಅವಳ ಕೆಲಸ. ಗಾಜು ಬದಲಿಸುತ್ತ "ಇದು ಚೆನ್ನಾಗಿ ಕಾಣುತ್ತಾ, ಅದಾ?" ಎಂದು ಕೇಳಿದರೆ ಬಹಳ ಜನ ಬಾಯಿಗೆ ಬಂದದ್ದನ್ನು ಹೇಳಿಬಿಡುತ್ತಾರೆ. ಗೊತ್ತಾಗಲಿಲ್ಲ ಎನ್ನಲು ಸಂಕೋಚ. ಪಕ್ಕದ ಬೀದಿಯ ಸಲೂನಿನವನು ಮಾತ್ರ, "ನನಗೆ ಎರಡೂ ಒಂದೇ ಥರ ಕಾಣ್ತಿದೆ. ಇನ್ನೊಂದ್ಸಲ ತೋರಿಸ್ತೀರಾ?" ಅಂದ. ಅವನು ಅವಳಿಗೆ ಹಿಡಿಸಿದ್ದು ಆಗಲೇ.

ಗಿರಾಕಿಗಳು ಅವನನ್ನು ರೇಡಿಯೋ ಎಂದೇ ಕರೆಯುತ್ತಿದ್ದರು. ಕತ್ತರಿ ನಿಂತರೂ ಬಾಯಿ ನಿಲ್ಲುತ್ತಿರಲಿಲ್ಲ. ಸಂಜೆ ಜೊತೆಯಲ್ಲಿ ನಡೆಯುವಾಗ ನಕ್ಕು ನಕ್ಕು ಅವಳಿಗೆ ಪಕ್ಕೆ ನೋಯುತ್ತಿತ್ತು. ಮದುವೆಯ ಮಾತು ಬಂದ ದಿನ ಮಾತ್ರ ನಗದೆ ಕೇಳಿದಳು:

"ಕೋಪ ಬಂದಾಗ ನೀನು ಏನ್ ಮಾಡ್ತೀಯ?"

ಅವನು ತಮಾಷೆಗೆಂದು ತೆರೆದ ಬಾಯಿ ಮುಚ್ಚಿದ. "ಮಾತು ಬಿಡ್ತೀನಿ. ಅಕ್ಕನ ಜೊತೆ ಒಂದ್ಸಲ ತಿಂಗಳುಗಟ್ಟಲೆ ಬಿಟ್ಟಿದ್ದೆ."

ಅವಳಿಗೆ ತನ್ನ ಮನೆ ನೆನಪಾಯಿತು. ಅವಳಪ್ಪ ಮುನಿಸಿಕೊಂಡರೆ ಮನೆಯೇ ಮೂಕವಾಗುತ್ತಿತ್ತು. "ಅಪ್ಪಂಗೆ ಊಟಕ್ಕೆ ಬರೋಕೆ ಹೇಳು", "ನಿಮ್ಮಮ್ಮಂಗೆ ನನಗೆ ಹಸಿವಿಲ್ಲ ಅಂತ ಹೇಳು" ಎಂದು ಒಂದೇ ಕೋಣೆಯಲ್ಲಿ ಕೂತ ಇಬ್ಬರ ನಡುವೆ ಮಾತು ಹೊತ್ತು ಬೆಳೆದವಳು ಅವಳು.

"ಅವನು ಬೇಡ ಅತ್ತೆ," ಎಂದು ಸೋದರತ್ತೆಯ ಬಳಿ ಹೇಳಿಕೊಂಡಳು.

"ಕೋಪವೇ ಬರಲ್ಲ ಅಂದಿದ್ರೆ ನಾನೂ ಬೇಡ ಅಂತಿದ್ದೆ. ಹುಳುಕನ್ನ ತಾನೇ ತೋರಿಸಿದಾನೆ. ತಿದ್ಕೊಳ್ತಾನಾ ನೋಡು," ಅಂದಳು ಅತ್ತೆ.

ನೋಡುವ ಪ್ರಸಂಗ ಬೇಗನೇ ಬಂತು. ತರಕಾರಿ ಅಂಗಡಿಯಲ್ಲಿ ಎದುರಾದ ಅವನ ಅಕ್ಕ, "ಮದುವೆ ಆದ್ಮೇಲೆ ನೀವಿಬ್ಬರೂ ಇರೋಕೆ ಅಂತ ನಮ್ಮ ಮಹಡಿ ಮನೆಗೆ ಬಣ್ಣ ಹೊಡಿಸ್ತಿದೀನಿ," ಎಂದು ಸಂಭ್ರಮದಿಂದ ಹೇಳಿದಳು. ಅವನು ಒಪ್ಪಿಯಾಗಿತ್ತಂತೆ.

"ನಾವು ಎಲ್ಲಿರ್ತೀವಿ ಅಂತ ನನ್ನೊಬ್ಬಳನ್ನ ಬಿಟ್ಟು ಎಲ್ಲರಿಗೂ ಗೊತ್ತಲ್ಲ!" ಎಂದು ಅವಳು ಅಂದು ಸಂಜೆ ಸಿಡುಕಿದಳು. ಅವನ ಮುಖ ಬಿಗಿಯಿತು. ಎದ್ದು ಹೋದ. ಆಮೇಲೆ ಹಲವು ದಿನ ಫೋನನ್ನೂ ಎತ್ತಲಿಲ್ಲ.

ಕೊನೆಗೆ ಅವಳೇ ಸಲೂನಿಗೆ ಹೋದಳು. ವಯಸ್ಸಾದ ಗಿರಾಕಿಯೊಬ್ಬರ ಅರ್ಧ ಗಡ್ಡ ಹೋಗಿತ್ತು, ಇನ್ನರ್ಧಕ್ಕೆ ನೊರೆ ಮೆತ್ತಿತ್ತು. ಅಂಗಡಿಯಲ್ಲಿ ಪಿಟ್ಟೆಂಬ ಸದ್ದಿಲ್ಲ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡು ಬಂದಿದ್ದಳು. ಕನ್ನಡಿಯಲ್ಲಿ ಅವನ ಬಾಡಿದ ಮುಖ ಕಂಡಾಗ ಬೇರೆಯದನ್ನೇ ಕೇಳಿದಳು:

"ಮಾತು ಬಿಟ್ಟಾಗ ನಿನ್ನ ಒಳಗೆ ಏನಾಗ್ತಿರುತ್ತೆ?"

"ಮಾತಾಡಪ್ಪಾ," ಅಂದರು ಗಿರಾಕಿ. "ನನಗೇನೂ ಆತುರ ಇಲ್ಲ. ಕತ್ತಿ ಮಾತ್ರ ಕೆಳಗಿಡು."

ಅವನು ಕತ್ತಿ ಕೆಳಗಿಟ್ಟು ತಿರುಗಿದ. "ಬಾಯಿ ಬಿಟ್ರೆ ಏನು ಅಂದುಬಿಡ್ತೀನೋ ಅಂತ ಭಯ. ಆಮೇಲೆ ದಿನ ಹೋದಷ್ಟೂ ನಾಚಿಕೆ. ಈ ಸಲ ತಪ್ಪೂ ನನ್ನದೇ. ನಿನ್ನನ್ನ ಕೇಳದೇ ಅಕ್ಕಂಗೆ ಹ್ಞೂಂ ಅಂದೆ." ಅವಳತ್ತ ಒಂದು ಹೆಜ್ಜೆ ಬಂದು, "ನಾನು ಹಾಗೆ ಸುಮ್ಮನಾದಾಗ ನಿನಗೆ ಏನಾಗುತ್ತೆ?" ಎಂದ.

ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. ಅವಳು ಅಪ್ಪ ಅಮ್ಮನ ಕಥೆ ಹೇಳಿದಳು. "ಕೋಪ ಮಾಡ್ಕೋ, ಬೇಡ ಅನ್ನಲ್ಲ. 'ಕೋಪ ಬಂದಿದೆ, ಸಂಜೆ ಮಾತಾಡ್ತೀನಿ' ಅಂತ ಒಂದು ಮಾತು ಹೇಳಿ ಸುಮ್ಮನಾಗು. ಅಷ್ಟು ಸಾಕು."

ಅವನು ಅಲ್ಲೇ ಅಕ್ಕನಿಗೆ ಫೋನ್ ಮಾಡಿ, ತಾನು ದುಡುಕಿ ಒಪ್ಪಿದ್ದಾಗಿಯೂ, ಮಹಡಿಯ ಮಾತು ಸದ್ಯಕ್ಕೆ ಬೇಡವೆಂದೂ ಹೇಳಿದ. ಅಕ್ಕ ಪಟ್ಟನೆ ಫೋನ್ ಇಟ್ಟಳು. ಆಮೇಲೆ ಗಿರಾಕಿಯ ಉಳಿದರ್ಧ ಗಡ್ಡವೂ ಹೋಯಿತು.

ಮದುವೆಯಾಗಿ ಇಬ್ಬರೂ ಬೇರೆ ಬಾಡಿಗೆ ಮನೆ ಹಿಡಿದರು. ಹುಟ್ಟುಗುಣ ಒಂದೇ ದಿನಕ್ಕೆ ಹೋಗುತ್ತದೆಯೇ? ಕೆಲವು ಸಲ ಅವನು ಆ ಒಂದು ಮಾತನ್ನೂ ಮರೆಯುತ್ತಿದ್ದ. ಮರೆತರೂ ಸಂಜೆಯಾಗುವಷ್ಟರಲ್ಲಿ ಬಂದು ಎದುರು ಕೂರುತ್ತಿದ್ದ.

ಒಂದು ರಜೆಯ ಬೆಳಿಗ್ಗೆ ಅಕ್ಕ ಬಂದಳು. ಮನೆಯೆಲ್ಲ ಸುತ್ತಿ, "ಅಡುಗೆಮನೆ ಕಿಟಕಿ ಇಷ್ಟೇ ಇಷ್ಟಾ?" ಎಂದು ಮೂತಿ ತಿರುವಿದಳು.

"ನಾವು ಮಹಡಿಗೆ ಬರದೇ ಇದ್ದಿದ್ದು ನಿಮಗೆ ತುಂಬಾ ಬೇಜಾರಾಯ್ತಾ, ಅಕ್ಕಾ?" ಎಂದು ಅವಳು ಕೇಳಿದಳು.

ಅಕ್ಕ ನೆಲ ನೋಡಿದಳು. "ಆಯ್ತು ಕಣೇ," ಎಂದು ಕುರ್ಚಿ ಎಳೆದುಕೊಂಡು ಕೂತಳು. ಮಾತೆಲ್ಲ ಮುಗಿಸಿ ಅಕ್ಕ ಎದ್ದು ಹೊರಟಾಗ ಮಧ್ಯಾಹ್ನ ದಾಟಿತ್ತು.