ಹಸಿದ ಅರಿವೆ

"ಏನಿದು ಹೊಲಸು? ಯಾರು ಇಟ್ಟಿದ್ದು ಇದನ್ನ? ಬಾಯಿಗೂ ಹೊಲಿಗೆ ಹಾಕ್ಕೊಂಡಿದೀರಾ ಎಲ್ರೂ?"

ತನ್ಮಯಿ ಜಾಕೆಟ್ಟನ್ನು ಕಟಿಂಗ್ ಮೇಜಿನ ಮೇಲೆ ಎಸೆದಳು. ಒಳಪದರ ಒಂದು ಕಡೆ ಬಿಚ್ಚಿತ್ತು. ಅಲ್ಲಿಂದ ಉಗುರಿನಗಲದ ಜೋಳದ ರೊಟ್ಟಿಯ ಚೂರು ಉರುಳಿ ಬಿತ್ತು. ಕಲ್ಲಿನಂತಾಗಿತ್ತು. ಅದರ ಹಿಂದೆ ಕೆಂಪಿರುವೆಗಳು ಹೊರಟವು.

ಹೊಲಿಗೆ ಮಿಷನ್ನುಗಳು ಒಂದೊಂದೇ ನಿಂತವು.

"ದೊಮ್ಮಲೂರಿನ ಕಸ್ಟಮರ್ರು. ಪಾರ್ಟಿ ಮಧ್ಯದಲ್ಲಿ ಇರುವೆ ಕಚ್ಚಿಸ್ಕೊಂಡು ವಿಡಿಯೋ ಹಾಕಿದಾಳೆ. ಅದರಲ್ಲಿ ನನ್ನ ಬ್ರ್ಯಾಂಡ್ ಹೆಸರು! ಯಾರು ಅಂತ ಕೇಳಿದೆ."

"ನಾನ ಇಟ್ಟೀನ್ರಿ."

ಮೂಲೆಯಲ್ಲಿ ನೆಲದ ಮೇಲೆ ಕೂತಿದ್ದ ಹುಲಿಗೆವ್ವ ಸೂಜಿ ಕೆಳಗಿಡದೆ ಹೇಳಿದಳು. ಲಿಂಗಸುಗೂರು ಕಡೆಯವಳು. ಗಂಡನ ಜೊತೆ ಗಾರೆ ಕೆಲಸಕ್ಕೆ ಬಂದಿದ್ದಳು. ಗಂಡ ಕಟ್ಟಡದ ಸಾರುವೆಯಿಂದ ಬಿದ್ದು ಸತ್ತ. ಆಮೇಲೆ ಇಂದಿರಾನಗರದ ಈ ನೆಲಮಾಳಿಗೆಗೆ ಸೇರಿದಳು. ಕೌದಿ ಹೊಲಿಯಲು ಬರುತ್ತದೆಯೇ ಎಂದು ಕೇಳಿದ್ದರು, ಬರುತ್ತದೆ ಎಂದಿದ್ದಳು. ಇಲ್ಲಿ ಹೊಲಿದ ಕೌದಿಯನ್ನು ಯಾರೂ ಹೊದ್ದು ಮಲಗುವುದಿಲ್ಲ. ಶಿವಾಜಿನಗರದಿಂದ ಗಂಟುಗಟ್ಟಲೆ ಹಳೆ ಸೀರೆ ಬರುತ್ತವೆ, ಜಾಕೆಟ್ಟಾಗಿ ಹೋಗುತ್ತವೆ. ಕಾಲರಿನ ಚೀಟಿಗೆ ಫೋನು ಹಿಡಿದರೆ, ಈ ಜಾಕೆಟ್ಟು ಎಷ್ಟು ನೀರು ಉಳಿಸಿತು ಎಂದು ಫೋನು ಹೇಳುತ್ತದೆ.

"ನೀನಾ? ಯಾಕೆ? ತಲೆ ಕೆಟ್ಟಿದೆಯಾ?"

"ಹಳೇ ಅರಿವಿ ಕೂಡಿಸಿ ಹೊಲದ್ರ, ಕಡೀ ತ್ಯಾಪಿ ಮುಚ್ಚೂ ಮುಂದ ಒಂದ್ ತುತ್ತ ರೊಟ್ಟಿ ಇಡಬೇಕ್ರಿ. ಉಪಾಸ ಮುಚ್ಚಬಾರದು. ಹಸದ ಕೌದಿ ಹೊದ್ದಾವ್ರನ್ನ ಬೆಚ್ಚಗ ಇಡಂಗಿಲ್ರಿ. ನಮ್ಮವ್ವ ಹಂಗ ಮಾಡ್ತಿದ್ಲು."

"ಇದು ನಿಮ್ಮವ್ವನ ಹರಕು ಕಂಬಳಿ ಅಲ್ಲ ಕಣಮ್ಮಾ! ಪ್ರೀಮಿಯಂ ಪ್ರಾಡಕ್ಟ್!"

ಯಾರೋ ಕಿಸಕ್ಕೆಂದರು. ಕಟಿಂಗ್ ಮಾಸ್ಟರ್ ಲತೀಫ್ ಗಡ್ಡ ಕೆರೆದುಕೊಂಡ.

"ಬಿಡಿ ಮೇಡಂ, ಹಳ್ಳಿಯೋಳು. ನಾನ್ ಹೇಳ್ತೀನಿ ಅವಳ್ಗೆ."

"ಎಷ್ಟು ಪೀಸಲ್ಲಿ ಇಟ್ಟಿದೀಯ?"

"ನನ್ನ ಕೈಲೆ ಮುಚ್ಚಿದ್ದು ಎಲ್ಲಾದ್ರಾಗೂ ಐತ್ರಿ."

"ಎಲ್ಲಾ ಬಿಚ್ಚು. ಇವತ್ತೇ. ಬಿಚ್ಚಿ ಮತ್ತೆ ಹೊಲಿದು ಮನೆಗೆ ಹೋಗು."

ಹುಲಿಗೆವ್ವ ಬಿಚ್ಚತೊಡಗಿದಳು. ಒಂದೊಂದರ ಎದೆಯ ಹತ್ತಿರ ಒಂದೊಂದು ಚೂರು. ಅಂಗೈ ತುಂಬಿದಾಗ ಎದ್ದು ಹತ್ತಿರದ ಡಬ್ಬಕ್ಕೆ ಹಾಕಿದಳು.

"ಏಯ್! ಅದು ಒಣ ಕಸ. ತಿನ್ನೋದೆಲ್ಲಾ ಹಸಿ ಕಸಕ್ಕೆ. ಎಷ್ಟ್ ಸಲ ಹೇಳೋದು? ಭೂಮಿ ಬಗ್ಗೆ ಒಂಚೂರಾದ್ರೂ ಕಾಳಜಿ ಇದ್ಯಾ ನಿಮಗೆ?"

ಹುಲಿಗೆವ್ವ ಡಬ್ಬಕ್ಕೆ ಕೈಹಾಕಿ ಚೂರುಗಳನ್ನು ಆರಿಸಿ ತೆಗೆದಳು. ಹಸಿ ಕಸಕ್ಕೂ ಹಾಕಲಿಲ್ಲ. ಸೆರಗಿನ ತುದಿಯಲ್ಲಿ ಕಟ್ಟಿಕೊಂಡಳು.

*

ಕೆ.ಆರ್. ಪುರದ ಆಚೆ ಕೆರೆ ಏರಿಯ ಮೇಲೆ ತಗಡಿನ ಶೆಡ್ಡುಗಳಿದ್ದವು, ಒಂದರಲ್ಲಿ ಹುಲಿಗೆವ್ವ. ಹಾಕಿಸಿದವನು ಮುನಿಕೃಷ್ಣಪ್ಪ. ಬಾಡಿಗೆ ಎತ್ತುತ್ತಿದ್ದವನೂ ಅವನೇ. ಈಗ ವಾರ್ಡಿನ ಚುನಾವಣೆಗೆ ನಿಲ್ಲುತ್ತಾನೆ ಎಂದು ಸೇತುವೆಯುದ್ದಕ್ಕೂ ಫ್ಲೆಕ್ಸು ಬಿದ್ದಿತ್ತು. ಫ್ಲೆಕ್ಸಿನಲ್ಲಿ ಅವನ ಕೈಯಲ್ಲೊಂದು ಸಸಿ.

ಮರುದಿನ ಸಂಜೆ ಅವನು ಕಾರಿನ ಬಾಗಿಲು ತೆರೆದಿಟ್ಟುಕೊಂಡೇ ಏರಿಯ ಮೇಲೆ ನಿಂತಿದ್ದ. ಅಷ್ಟು ದೂರದಲ್ಲಿ ಅಪಾರ್ಟ್‌ಮೆಂಟಿನ ಹುಡುಗ ಹುಡುಗಿಯರು 'ಕೆರೆ ಉಳಿಸಿ' ಎಂಬ ಬೋರ್ಡು ಹಿಡಿದು ಫೋಟೋ ತೆಗೆಸಿಕೊಳ್ಳುತ್ತಿದ್ದರು.

"ಭಾನುವಾರದೊಳಗೆ ಖಾಲಿ ಮಾಡ್ರಿ. ಜೆಸಿಬಿ ಬರ್ತದೆ. ಆ ಮಕ್ಳು ದಿನಾ ಬಂದು ಪ್ರಾಣ ತಿಂತವ್ರೆ. ಅವ್ರಿಗೆ ಓಟೈತೆ. ನಿಮಗೇನೈತೆ ಇಲ್ಲಿ?"

ಪಕ್ಕದ ಶೆಡ್ಡಿನ ದುರುಗವ್ವ ಸೊಂಟದ ಮೇಲೆ ಕೈಯಿಟ್ಟಳು. "ಬಾಡಿಗಿ ಇಸಗೊಳ್ಳೂ ಮುಂದ ಇದು ಕೆರಿ ಅಂತ ಗೊತ್ತಿರಲಿಲ್ಲೇನ್ರಿ, ಸಾವ್ಕಾರ್ರ?"

"ಮುಚ್ಚೇ ಬಾಯಿ, ಲೌಡಿ. ಹೇತು ಹೇತು ಕೆರೆ ಗಬ್ಬೆಬ್ಬಿಸಿದೋರು ನೀವು, ನನ್ನೇ ಕೇಳ್ತೀಯಾ?"

ಅವನ ಬೆನ್ನ ಹಿಂದೆ ಅಪಾರ್ಟ್‌ಮೆಂಟಿನ ಪೈಪು ಕೆರೆಗೆ ಬಿಳಿ ನೊರೆ ಬಿಡುತ್ತಿತ್ತು. ಅವನು ಅದರ ಕಡೆಗೇ ಉಗಿದು ಕಾರು ಹತ್ತಿದ.

"ಭಾಡ್ಕೌ," ಎಂದಳು ದುರುಗವ್ವ. "ಸಸಿ ಹಿಡಕೊಂಡ ನಿಂತಾನ ಅಲ್ಲಿ."

ಹುಲಿಗೆವ್ವ ಬೋರ್ಡಿನವರನ್ನು ನೋಡುತ್ತಿದ್ದಳು. ಒಬ್ಬ ಹುಡುಗನ ಬೆನ್ನ ಮೇಲೆ ತಾನೇ ಹೊಲಿದ ಜಾಕೆಟ್ಟಿತ್ತು. ಕೆಂಪು ತೇಪೆ, ಪಕ್ಕದಲ್ಲಿ ಹಳದಿ ತೇಪೆ, ತನ್ನದೇ ಹೊಲಿಗೆ.

"ಅವ್ರು ನಮ್ಮ ಮೇಡಂನ ಮಂದಿ," ಎಂದಳು. "ಅಕಿ ಮಾತ ಕೇಳ್ತಾರ. ನಾ ಅಕಿಗೆ ಹೇಳ್ತೀನಿ."

"ನಿನ್ನ ಮಾತ ಯಾವಾಕಿ ಕೇಳ್ತಾಳ ಬೇ? ಗಂಟ ಕಟ್ಟು ನಡಿ."

*

ಮಾರನೆಯ ದಿನ ತನ್ಮಯಿ ಅವಳನ್ನು ಮೇಲಿನ ಗಾಜಿನ ಕೋಣೆಗೆ ಕರೆಸಿದಳು. ಹುಲಿಗೆವ್ವ ಸೆರಗು ಹೊದ್ದು ಬಾಗಿಲಲ್ಲೇ ನಿಂತಳು. ಬೈಯುವುದು ಉಳಿದಿದೆ ಎಂದುಕೊಂಡಿದ್ದಳು.

"ಬನ್ನಿ ಹುಲಿಗೆವ್ವಾ, ಕೂತ್ಕೊಳ್ಳಿ. ಅಯ್ಯೋ, ನೆಲದ ಮೇಲಲ್ಲ! ಚೇರ್ ಮೇಲೆ."

ಆ ವಿಡಿಯೋಗೆ ತನ್ಮಯಿ ರೊಟ್ಟಿಯ ವಿಷಯ ಬರೆದು ಉತ್ತರ ಹಾಕಿದ್ದಳು. ಬಟ್ಟೆಗೂ ಹಸಿವು ಇದೆ ಎಂದು ನಮ್ಮ ಹೆಂಗಸರು ನಂಬುತ್ತಾರೆ ಎಂದು. ಅದನ್ನು ಓದಿದವರು ಕಣ್ಣೀರು ಹಾಕಿದ್ದರು. ಇರುವೆ ಕಚ್ಚಿದ ಹುಡುಗಿ ಕೂಡ ಕ್ಷಮೆ ಕೇಳಿ ಇನ್ನೊಂದು ಜಾಕೆಟ್ಟು ಬೇಕೆಂದಿದ್ದಳು.

"ಇನ್ಮೇಲೆ ಪ್ರತಿ ಪೀಸಿಗೂ ತುತ್ತು ಇಡ್ಬೇಕು. ಆದ್ರೆ ನಿಮ್ಮನೆ ರೊಟ್ಟಿ ಬೇಡ, ಇರುವೆ ಬರದೇ ಇರೋ ರಾಗಿ ಬಿಸ್ಕೆಟ್ ಮಾಡಿಸ್ತಿದೀವಿ. ಭಾನುವಾರ ಶೋ ಇದೆ. ಸ್ಟೇಜ್ ಮೇಲೆ ನೀವೇ ತುತ್ತಿಟ್ಟು ಹೊಲೀಬೇಕು. ಟ್ಯಾಗ್ ಸ್ಕ್ಯಾನ್ ಮಾಡಿದ್ರೆ ನಿಮ್ಮ ಮುಖಾನೇ ಬರತ್ತೆ. ನೀವು ಸ್ಟಾರ್ ಈಗ!"

"ಒಂದ್ ಮಾತ ಇತ್ರಿ." ಹುಲಿಗೆವ್ವ ಕುರ್ಚಿಯ ಅಂಚಿಗೆ ಸರಿದಳು. ಶೆಡ್ಡಿನ ವಿಷಯ ಹೇಳಿದಳು. ಭಾನುವಾರ ಎಂದಳು. ಮುನಿಕೃಷ್ಣಪ್ಪನ ಹೆಸರು ಹೇಳಿದಳು.

"ಅವರಾ? ಅವರೇ ನಮ್ಮ ಶೋಗೆ ಚೀಫ್ ಗೆಸ್ಟ್! ನಾನು ಮಾತಾಡ್ತೀನಿ. ಆಯ್ತು ಅಂದ್ಕೊಂಡ್ಬಿಡಿ." ತನ್ಮಯಿ ಫೋನು ಎತ್ತಿ ಹಿಡಿದಳು. "ಈಗ ಸ್ವಲ್ಪ ಈ ಕಡೆ ತಿರುಗಿ. ನಗಿ. ಹಲ್ಲು ಕಾಣ್ಲಿ."

ಹುಲಿಗೆವ್ವ ನಕ್ಕಳು. ನಿಜವಾಗಿಯೇ ನಕ್ಕಳು.

ಏರಿಯ ಮೇಲೆ ಹೋಗಿ, "ಆತು ಅಂದಾಳ," ಎಂದಳು. ಯಾರೂ ಮೊದಲು ನಂಬಲಿಲ್ಲ. ಮೇಡಂ ಕುರ್ಚಿ ಕೊಟ್ಟಳೆಂದಾಗ ನಂಬಿದರು. ಕಟ್ಟಿದ ಗಂಟುಗಳನ್ನು ಬಿಚ್ಚಿದರು. ದುರುಗವ್ವ ಮೆಣಸಿನಕಾಯಿ ಚಟ್ನಿ ಅರೆದು ತಂದು ಹುಲಿಗೆವ್ವನ ಬಾಗಿಲಲ್ಲೇ ಕೂತು ಉಂಡಳು. ಗಂಡ ಸತ್ತ ಮೇಲೆ ಹುಲಿಗೆವ್ವ ಗೋಡೆಗೆ ಮುಖ ಮಾಡಿ ಒಬ್ಬಳೇ ಉಣ್ಣುತ್ತಿದ್ದಳು. ತಗಡಿನ ಗೋಡೆ. ತನ್ನ ಅಗಿಯುವ ಸದ್ದು ತನಗೇ ಕೇಳುತ್ತಿತ್ತು. ಅಂದು ಕೇಳಲಿಲ್ಲ.

"ನೀ ಇದ್ದದ್ದಕ್ಕ ಉಳದ್ವಿ ಬೇ," ಎಂದಳು ದುರುಗವ್ವ.

*

ಭಾನುವಾರ. ಇಂದಿರಾನಗರದ ಒಂದು ಹಳೆಯ ಬಂಗಲೆಯಲ್ಲಿ ಶೋ. ಹುಲಿಗೆವ್ವನಿಗೆ ಇಳಕಲ್ ಸೀರೆ ಉಡಿಸಿ, ಹಣೆಗೆ ದೊಡ್ಡ ಕುಂಕುಮ ಇಟ್ಟು ಪರದೆಯ ಹಿಂದೆ ನಿಲ್ಲಿಸಿದ್ದರು. ಹೊರಗೆ ಡ್ರಮ್ಮಿನ ಸದ್ದು. ಸೊಂಟಕ್ಕೆ ಸಿಕ್ಕಿಸಿದ ಫೋನು ನಡುಗಿತು.

"ಬಂದೈತಿ ಬೇ," ಎಂದಳು ದುರುಗವ್ವ. ಹಿಂದೆ ಜೆಸಿಬಿಯ ಮೊರೆತ. "ಬಂದು ಎಲ್ಲಾ ಬಳಕೊಂಡ ಹೊಂಟೈತಿ. ನೀ ಆತು ಅಂದಿ ಅಂತ ಗಂಟ ಬಿಚ್ಚಿದ್ವಿ. ಕಾಳು, ಭಾಂಡೆ, ಹಾಸಿಗಿ ಎಲ್ಲಾ ಮಣ್ಣಾಗ ಹೂತು ಹೋದುವು. ನಿಮ್ಮವ್ವನ ಕೌದೀನೂ ಹೋತು. ನಿನ್ನ ಬಾಯಿಗೆ ಮಣ್ಣ ಹಾಕ."

"ಯವ್ವಾ... ನೀವ್ ಎಲ್ಲಿ ಅದೀರಿ? ನಾ ಬರ್ತೀನಿ."

"ಬರಬ್ಯಾಡ. ಲಾರಿ ಹತ್ತೇವಿ. ನಿನಗ ಕುರ್ಚಿ ಕೊಟ್ಟಾಳಲ್ಲ, ಅಲ್ಲೇ ಕುಂದುರು."

ಫೋನು ನಿಂತಿತು. ಹುಲಿಗೆವ್ವ ಮತ್ತೆ ಒತ್ತಿದಳು. ಯಾರೂ ಎತ್ತಲಿಲ್ಲ.

ತನ್ಮಯಿ ಓಡುತ್ತಾ ಬಂದಳು.

"ಮೇಡಂ, ಅವಂಗ ಹೇಳಿದ್ರೇನ್ರಿ?"

"ಯಾರಿಗೆ? ಓ... ಅದು... ಮರ್ತೇ ಹೋಯ್ತು ಹುಲಿಗೆವ್ವಾ, ಎಷ್ಟು ಟೆನ್ಷನ್ ನೋಡ್ತಿದೀರಲ್ಲ. ಶೋ ಮುಗೀಲಿ, ಖಂಡಿತ. ಈಗ ಮುಖ ಸಪ್ಪಗೆ ಮಾಡ್ಬೇಡಿ, ಪ್ಲೀಸ್. ಹೋಗಿ, ಹೋಗಿ."

ವೇದಿಕೆಯ ಮೇಲೆ ಮುನಿಕೃಷ್ಣಪ್ಪ ಬಿಳಿ ಅಂಗಿಯ ಮೇಲೆ ತೇಪೆಯ ಜಾಕೆಟ್ಟು ತೊಟ್ಟು ಮೈಕು ಹಿಡಿದಿದ್ದ. ಎದೆಯ ಹತ್ತಿರ ಒಂದು ತೇಪೆ ಮಾತ್ರ ಹೊಲಿಯದೆ ತೆರೆದಿತ್ತು.

"ಇವತ್ತು ನಮ್ಮ ಕೆರೆ ಏರಿ ಪೂರ್ತಿ ಕ್ಲೀನ್ ಮಾಡಿಸ್ತಾ ಇದೀನಿ. ಅಲ್ಲಿ ವಾಕಿಂಗ್ ಪಾತ್ ಬರ್ತದೆ, ಸಸಿ ಬರ್ತವೆ. ಈ ಯುವಕರ ಕನಸು ಅದು."

ಚಪ್ಪಾಳೆ ಬಿತ್ತು. ಯಾರೋ ಶಿಳ್ಳೆ ಹಾಕಿದರು.

ಹುಲಿಗೆವ್ವ ಹತ್ತಿರ ಬಂದಳು. ಅವನು ಅವಳ ಮುಖ ನೋಡಿದ. ಗುರುತು ಹತ್ತಲಿಲ್ಲ. ಕ್ಯಾಮೆರಾ ಕಡೆ ತಿರುಗಿ ಕೈಮುಗಿದ. "ತಾಯಿ, ಇಡವ್ವ ತುತ್ತು."

ತಟ್ಟೆಯಲ್ಲಿ ರಾಗಿ ಬಿಸ್ಕೆಟ್ಟಿತ್ತು. ಅವಳು ಅದನ್ನು ಮುಟ್ಟಲಿಲ್ಲ. ಸೀರೆ ಬದಲಿಸುವಾಗ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಗಂಟು ಬಿಚ್ಚಿ ಆವತ್ತು ಡಬ್ಬದಿಂದ ಆರಿಸಿದ ರೊಟ್ಟಿಯ ಚೂರುಗಳನ್ನು ಅಂಗೈಗೆ ಸುರಿದುಕೊಂಡಳು. ಎಲ್ಲರ ಫೋನುಗಳೂ ಮೇಲೆದ್ದವು. ಅವಳು ಚೂರುಗಳನ್ನು ತನ್ನ ಬಾಯಿಗೆ ಹಾಕಿಕೊಂಡಳು. ಅಗಿದಳು. ಕಲ್ಲಿನಂಥ ರೊಟ್ಟಿ, ತಡವಾಯಿತು. ಅವನ ಕೈಯ ಮೈಕಿನಲ್ಲಿ ಅಗಿಯುವ ಸದ್ದು ಸಭಾಂಗಣಕ್ಕೆಲ್ಲಾ ಕೇಳಿತು.

ನುಂಗಿದ ಮೇಲೆ ಸೂಜಿ ತೆಗೆದುಕೊಂಡು ಖಾಲಿ ತೇಪೆಯನ್ನು ಮುಚ್ಚಿ ಹೊಲಿದಳು. ಬಾಗಿ, ಅವನ ಎದೆಯ ಮೇಲೆ ಹಲ್ಲಿಟ್ಟು ದಾರ ಕಡಿದಳು.

"ಉಪಾಸ ಮುಚ್ಚೀನಿ, ಭಾಡ್ಕೌ. ಹಾಕ್ಕೊಂಡ ತಿರುಗು. ಎಷ್ಟ್ ಹೊದ್ರೂ ನಿನಗ ಬೆಚ್ಚಗಾಗಬ್ಯಾಡ."

ಮುನಿಕೃಷ್ಣಪ್ಪನ ಮುಖ ಕಪ್ಪಿಟ್ಟಿತು. ಬಾಯಿ ಮಾತ್ರ ಕ್ಯಾಮೆರಾ ಕಡೆ ನಗುತ್ತಲೇ ಇತ್ತು. ಮುಂದಿನ ಸಾಲಿನ ಹುಡುಗಿಯೊಬ್ಬಳು ಚಪ್ಪಾಳೆ ತಟ್ಟಿದಳು. ಆಮೇಲೆ ಎಲ್ಲರೂ ಎದ್ದು ನಿಂತು ತಟ್ಟಿದರು. ತನ್ಮಯಿ ಮೈಕು ಕಸಿದುಕೊಂಡು ಇಂಗ್ಲಿಷಿನಲ್ಲಿ, ಇದು ಅವರ ಆಶೀರ್ವಾದದ ಮಾತು ಎಂದಳು.

ಹುಲಿಗೆವ್ವ ವೇದಿಕೆ ಇಳಿದಿದ್ದಳು. ಬಾಗಿಲ ಬಳಿ ಲತೀಫ್ ಇಸ್ತ್ರಿ ಮಾಡಿದ ಜಾಕೆಟ್ಟುಗಳನ್ನು ತೋಳಿನ ಮೇಲೆ ಹಾಕಿಕೊಂಡು ನಿಂತಿದ್ದ.

"ಎಲ್ಲಿಗಮ್ಮಾ? ಪರದೆ ಹಿಂದೆ ನೀನ್ ಮಾತಾಡಿದ್ದೆಲ್ಲಾ ಕೇಳಿಸ್ಕೊಂಡೆ. ಅಲ್ಲಿ ಏನ್ ಉಳ್ದಿದೆ ಅಂತ ಹೋಗ್ತೀಯಾ? ನಮ್ಮನೆಗೆ ನಡಿ, ನನ್ನ ಹೆಂಡ್ತಿ ಪರ್ವೀನ್ ಇದಾಳೆ. ನಾಳೆ ನೋಡೋಣ."

ಅವಳು ನಿಲ್ಲಲಿಲ್ಲ. ಬರಿಗಾಲಲ್ಲೇ ಗೇಟು ದಾಟಿ ರಸ್ತೆಗಿಳಿದಳು. ಫೋನು ಕಿವಿಗಿತ್ತು. ಆಚೆಯಿಂದ ಯಾರೂ ಮಾತಾಡುತ್ತಿರಲಿಲ್ಲ.

ಸೋಮವಾರ ಬರಲಿಲ್ಲ. ಆಮೇಲೂ ಬರಲಿಲ್ಲ. ಲತೀಫ್ ಒಂದು ದಿನ ಏರಿಗೆ ಹೋಗಿ ಬಂದ. ಅಲ್ಲಿ ಸಸಿಗೆ ಗುಂಡಿ ತೋಡಿದ್ದರು. ಕೇಳಲು ಒಬ್ಬರೂ ಇರಲಿಲ್ಲ.

ಮೂಲೆಯ ಜಾಗಕ್ಕೆ ಹಲಸೂರಿನ ಒಬ್ಬಳನ್ನು ಕೂರಿಸಿದರು. ಅವಳು ಬಿಸ್ಕೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಇದು ಯಾಕೆ ಮಾಸ್ಟರ್ ಒಳಗೆ?"

"ಕೇಳ್ಬೇಡ. ಇಡು."

ಕಾಲರಿನ ಚೀಟಿಗೆ ಫೋನು ಹಿಡಿದರೆ ಈಗಲೂ ಹುಲಿಗೆವ್ವ ನಗುತ್ತಾಳೆ, ಹಲ್ಲು ಕಾಣುವ ಹಾಗೆ.