ಕೊರೊ ನರಿ

"ಅದ್ಯಾವ ಜಾತಿ ನರಿ ಕಣಪ್ಪ?" ಎಂದು ಚಿಕ್ಕವೆಂಕಟಮ್ಮ ಕೇಳಿದಾಗ ಚಲಪತಿಯ ಬಾಯಿ ತುಂಬ ಉಪ್ಪಿಟ್ಟಿತ್ತು.

ಹೆಣ್ಣು ನೋಡಲು ಕೆಂಚಾರ್ಲಹಳ್ಳಿಗೆ ಬಂದು ಜಗುಲಿಯ ಮೇಲೆ ಕೂತಿದ್ದ. ಇನ್ನೂ ಕಾಫಿ ಬಂದಿರಲಿಲ್ಲ. ಬೆಂಗಳೂರಿನ ಮೆಡಿಕಲ್ ಕಾಲೇಜಿನಲ್ಲಿ ಏನು ಕೆಲಸವೆಂದು ಹುಡುಗಿಯ ಅಜ್ಜಿ ಚಿಕ್ಕವೆಂಕಟಮ್ಮನೇ ವಿಚಾರಿಸಿದ್ದಳು. "ಕೊರೊನರಿ ರಕ್ತದ ಮೇಲೆ ಸಂಶೋಧನೆ" ಎಂದು ಅವನು ಗಂಭೀರವಾಗಿ ಹೇಳಿದ್ದ. ಗುಂಡಿಗೆಯ ಸ್ವಂತ ರಕ್ತನಾಳಗಳಿಗೆ ಇಂಗ್ಲಿಷಿನಲ್ಲಿ ಹಾಗೆ ಹೆಸರು. ಅಜ್ಜಿಯ ಕಿವಿಗೆ ಆ ಪದದ ಬಾಲ ಮಾತ್ರ ಬಿದ್ದಿತ್ತು.

ಅವನು ತಿದ್ದುವ ಮೊದಲೇ ಸೋದರಮಾವ ಆವಲಪ್ಪ ತೊಡೆ ಚಿವುಟಿದ. ಮಾವನ ಕಷ್ಟ ಮಾವನಿಗೆ. ಚಲಪತಿ ನಾಯಿಗಳಿಗೆ ಅರಿವಳಿಕೆ ಕೊಟ್ಟು, ಕತ್ತಿನ ನಾಳದಿಂದ ಸಣ್ಣ ಕೊಳವೆ ತೂರಿಸಿ, ಗುಂಡಿಗೆಯ ಮಾಂಸದಿಂದ ಮರಳಿ ಬರುವ ರಕ್ತವನ್ನು ಹೀರಿ ತೆಗೆಯುತ್ತಿದ್ದ. ಇದನ್ನು ಕೇಳಿದ ಶಿಡ್ಲಘಟ್ಟದ ಹೆಣ್ಣಿನ ಕಡೆಯವರು 'ನಾಯಿ ಕುಯ್ಯೋನು' ಎಂದು ಹೆಸರಿಟ್ಟು ಬಾಗಿಲು ಹಾಕಿಕೊಂಡಿದ್ದರು. "ಈ ಸಲ ನಾಯಿ ಅಂತ ನಾಲಿಗೆಗೆ ಬಂದ್ರೆ ತಿಂಡಿ ತುರುಕ್ಕೋ ಕಣೋ" ಎಂದು ಆವಲಪ್ಪ ಬಸ್ಸಿನುದ್ದಕ್ಕೂ ಪಾಠ ಹೇಳಿದ್ದ.

"ಬೆಂಗ್ಳೂರ್ ಕಡೆ ನರಿ ಕಣಮ್ಮ," ಎಂದ ಆವಲಪ್ಪ ಈಗ. "ಬೆಳಗ್ಗೆ ಎದ್ದು ಅದರ ಮುಖ ನೋಡ್ದೆ ನಮ್ ಹುಡ್ಗ ಹಲ್ಲೂ ಉಜ್ಜಲ್ಲ."

ಅಜ್ಜಿಯ ಮುಖ ಅರಳಿತು. "ಏ ಮುನಿವೆಂಕಟಪ್ಪ, ಕೇಳ್ದೇನೋ? ನರಿ ಮುಖ ನೋಡಿ ಎದ್ದೆ ಅಂತ ಊರೋರೆಲ್ಲ ಬಾಯ್ಮಾತಿಗೆ ಅಂತಾರೆ. ಈ ಹುಡ್ಗ ದಿನಾ ನೋಡ್ತಾನಂತೆ!"

ಒಳಗೆ ರೇಷ್ಮೆ ಹುಳುವಿಗೆ ಸೊಪ್ಪು ಹಾಕುತ್ತಿದ್ದ ಹುಡುಗಿಯ ತಂದೆ ಕೈ ಒರೆಸಿಕೊಂಡು ಬಂದು, ಟೆರಿಲಿನ್ ಅಂಗಿಯ ಈ ಅದೃಷ್ಟವನ್ನು ಕಣ್ತುಂಬ ನೋಡಿದ.

"ಹಂಗಾದ್ರೆ ಒಂದು ನರಿಕೊಂಬು ತಂದ್ಕೊಡಪ್ಪ," ಎಂದಳು ಅಜ್ಜಿ. "ಹುಳದ ಮನೆ ಬಾಗ್ಲಿಗೆ ಕಟ್ಟಣ. ಹೋದ ಬೆಳೆಗೆ ಹಾಲುರೋಗ ಬಡೀತು."

"ಒಂದ್ಯಾಕಮ್ಮ, ಜೊತೇನೇ ತರ್ತಾನೆ!" ಎಂದ ಆವಲಪ್ಪ.

ಉಪ್ಪಿಟ್ಟು ನೆತ್ತಿಗೇರಿತು. ಚಲಪತಿ ಕೆಮ್ಮಿ ಕೆಮ್ಮಿ ಕಣ್ಣೊರೆಸಿಕೊಳ್ಳುವಾಗ ಯಾರೋ ಎದುರಿಗೆ ನೀರಿನ ಚೊಂಬು ಇಟ್ಟರು. ಶ್ಯಾಮಲ. ಚಿಂತಾಮಣಿ ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವಳು. ನೋಡಿಸಿಕೊಳ್ಳಲು ಬಂದ ಹುಡುಗಿ ತಲೆ ತಗ್ಗಿಸಿರಲಿಲ್ಲ. ನಗು ತಡೆಯಲು ಕೆಳತುಟಿ ಕಚ್ಚಿಕೊಂಡಿದ್ದಳು. ಆ ತುಟಿ ಕಂಡದ್ದೇ ತಡ, ಈ ಸಂಬಂಧ ಮಾತ್ರ ತಪ್ಪಬಾರದು ಎನಿಸಿ ಚಲಪತಿಗೆ ಹೆದರಿಕೆಯಾಯಿತು.

"ರಕ್ತ ತೆಗೆದ್ಮೇಲೆ ಅದು ಬದುಕ್ತದಾ?" ಎಂದು ಅವಳು ಕೇಳಿದಳು.

ನರಿಯ ವಿಷಯವಾಗಿದ್ದರೆ ಏನು ಬೇಕಾದರೂ ಹೇಳಬಹುದಿತ್ತು.

"ಬಹಳ ಸಲ ಇಲ್ಲ," ಎಂದ. "ಅದು ನರಿ ಅಲ್ಲ. ನಾಯಿ."

ಮಾವನ ಚಿವುಟು ತಡವಾಗಿ ಬಂತು.

"ಕುಕ್ಕಾ?" ಸಿಟ್ಟಿಗೆ ಅಜ್ಜಿ ತೆಲುಗಿಗೆ ಜಾರಿದಳು. "ಅಯ್ಯೋ ರಾಮುಡಾ! ಭೈರವನ ವಾಹನ ಕಣೋ ಅದು! ಮುನಿವೆಂಕಟಪ್ಪ, ಒಲೆ ಮೇಲಿಂದ ಕಾಫಿ ಇಳಿಸೋ!"

"ಮತ್ತೆ ಕೊಂಬು?" ಮುನಿವೆಂಕಟಪ್ಪನಿಗೆ ಇನ್ನೂ ಆಸೆ.

"ನಾಯಿಗೆ ಕೊಂಬೇನೋ, ಪೆದ್ದ!"

ತಾಯಿ ಮಗ ಒಳಗೆ ಹೋದರು. ಆವಲಪ್ಪ ಎದ್ದು ಚಪ್ಪಲಿ ಹುಡುಕಿಕೊಂಡು ಬೀದಿಗಿಳಿದ. ಶ್ಯಾಮಲ ಮಾತ್ರ ನಿಂತೇ ಇದ್ದಳು.

"ನಾಯಿ ರಕ್ತದಿಂದ ನಿಮ್ಗೇನು ತಿಳೀತದೆ?"

ಚಲಪತಿ ಚೊಂಬಿನಲ್ಲಿ ಬೆರಳದ್ದಿ ಜಗುಲಿಯ ಕಲ್ಲಿನ ಮೇಲೆ ಗೆರೆ ಎಳೆದ. "ಕೆರೆ ನೀರು ಗದ್ದೆಗಳಿಗೆ ಹೋಗ್ತದೆ. ಗದ್ದೆ ಕುಡಿದು ಬಿಟ್ಟ ನೀರು ಈ ಕಡೆ ಬರ್ತದೆ. ಎಲ್ಲ ಒಂದಾದ್ಮೇಲೆ ನೋಡಿದ್ರೆ ಒಟ್ಟು ಗೊತ್ತಾಗ್ತದೆ, ಅಷ್ಟೆ. ಒಂದೊಂದು ಕಾಲುವೇಲೇ ಹಿಡಿದು ನೋಡಿದ್ರೆ ಯಾವ ಗದ್ದೆಗೆ ನೀರು ಸಾಲದು ಅಂತ ತಿಳೀತದೆ. ಗುಂಡಿಗೇನೂ ಹಂಗೇ."

"ಮನುಷ್ಯರದ್ದೂ?"

"ಮನುಷ್ಯರಿಗೋಸ್ಕರಾನೇ ಮಾಡ್ತಿರೋದು."

"ನಾಯಿಗೆ ಅದನ್ನ ಹೇಳಿದೀರಾ?"

ಚಲಪತಿಯ ಬೆರಳು ನಿಂತಿತು. ಇಷ್ಟು ವರ್ಷದಲ್ಲಿ ಯಾವ ಪ್ರೊಫೆಸರೂ ಅವನನ್ನು ಹೀಗೆ ಕೇಳಿರಲಿಲ್ಲ.

"ಲೋ ಕೊರೊನರಿ! ಬಸ್ ಬಂತು ಬಾರೋ!" ಆವಲಪ್ಪ ಬೀದಿಯಿಂದ ಕೂಗಿದ.

ಬಿಸಿಲು ಬಿದ್ದ ಕಲ್ಲಿನ ಮೇಲೆ ಗೆರೆಗಳು ಒಂದೊಂದಾಗಿ ಆರುತ್ತಿದ್ದವು. ಶ್ಯಾಮಲ ಸೆರಗು ಸಿಕ್ಕಿಸಿಕೊಂಡು ಕುಕ್ಕರಗಾಲಿನಲ್ಲಿ ಕೂತು, ಚೊಂಬನ್ನು ಅವನ ಕೈಯ ಹತ್ತಿರಕ್ಕೆ ತಳ್ಳಿದಳು.