ಹಾಳೆಯ ಹಿಂಬದಿಯ ಪಾದ

ಕಾಗದಪತ್ರ ಜೋಪಾನ ಮಾಡುವ ಒಂದು ವ್ಯವಸ್ಥೆಯನ್ನು ಆರಿಸಿಕೊಂಡದ್ದನ್ನು ಕತೆ ಎಂದು ಹೇಳಹೊರಡುವುದು ಸ್ವಲ್ಪ ಅಧಿಕಪ್ರಸಂಗವೇ ಸರಿ. ಓದುವವರು ಮನ್ನಿಸಬೇಕು. ಬಲ್ಲವರು ಯಾರಾದರೂ ಹೇಳಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಆ ದಿನ ಆ ಗೋಡೆಯ ಮೇಲೆ ಕಂಡದ್ದನ್ನು ಯಾರೂ ಹೇಳದೆ ಬಿಟ್ಟರೆ ಅದೂ ತಪ್ಪಾದೀತು.

ಅದೊಂದು ಬೂಟು ಹೊಲಿಯುವ ಕಾರ್ಖಾನೆ. ಅಂಗಡಿಯಲ್ಲಿ ಸಿಗುವ ಜೋಡಿ ಯಾರಿಗೆ ಆಗುವುದಿಲ್ಲವೋ ಅವರಿಗಾಗಿ ಇದ್ದದ್ದು. ಒಂದು ಕಾಲು ಗಿಡ್ಡವಾದವರು, ಒಂದು ಪಾದ ಒಳಗೆ ತಿರುಗಿದವರು, ಅಪಘಾತದಲ್ಲಿ ಬೆರಳು ಕಳೆದುಕೊಂಡವರು ಅಲ್ಲಿಗೆ ಬರುತ್ತಿದ್ದರು. ಯಜಮಾನರು ತಾವೇ ಅಳತೆ ತೆಗೆಯುತ್ತಿದ್ದರು. ಕಡತ ನೋಡಿಕೊಳ್ಳುತ್ತಿದ್ದವಳು ಅವರ ಅಕ್ಕನ ಮಗಳು. ಹಗಲು ದುಡಿದು, ಸಂಜೆ ತರಗತಿಯಲ್ಲಿ ಕಂಪ್ಯೂಟರ್ ಕಲಿತವಳು. ಬೀಗ ಹಾಕಿ ಎಳೆದು ನೋಡಿ, ಬೀದಿಯ ತಿರುವಿನವರೆಗೆ ಹೋಗಿ, ಮತ್ತೆ ಬಂದು ಎಳೆದು ನೋಡುವ ಪೈಕಿ. ಹೊಲಿಗೆಯವರು ಅವಳಿಗೆ ‘ಅನುಮಾನದಕ್ಕ’ ಎಂದೇ ಹೆಸರಿಟ್ಟಿದ್ದರು.

ಅಲ್ಲಿ ಅಳತೆ ತೆಗೆಯುವ ಕ್ರಮ ಬೇರೆ ಎಲ್ಲೂ ಇರಲಿಕ್ಕಿಲ್ಲ. ತೆಳು ಹಾಳೆಯ ಮೇಲೆ ಬರಿಗಾಲಲ್ಲಿ ನಿಲ್ಲಿಸಿ, ಬಲಪಾದದ ಸುತ್ತ ಯಜಮಾನರು ಸೀಸದ ಕಡ್ಡಿಯಿಂದ ಹಗುರವಾಗಿ ಗೆರೆ ಎಳೆಯುತ್ತಿದ್ದರು. ಆಮೇಲೆ ಹಾಳೆ ಮಗುಚಿ, ಹಿಮ್ಮಡಿ ಅದೇ ಜಾಗಕ್ಕೆ ಬರುವಂತೆ ನಿಲ್ಲಿಸಿ, ಹಿಂಬದಿಯಲ್ಲಿ ಎಡಪಾದ. ಹಾಳೆಯನ್ನು ಕಿಟಕಿಗೆ ಹಿಡಿದರೆ ಎರಡು ಪಾದಗಳೂ ಒಂದರ ಮೇಲೊಂದು ಕೂತು, ಎಲ್ಲಿ ಎಷ್ಟು ವ್ಯತ್ಯಾಸ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತಿತ್ತು. “ಬೇರೆ ಬೇರೆ ಕೂರಿಸಿದ್ರೆ ಗಂಡ ಹೆಂಡ್ತಿ ಇಬ್ಬರೂ ಒಳ್ಳೆಯವರೇ. ಜೊತೇಲಿ ನಿಲ್ಲಿಸಿದ್ರೆ ಗೊತ್ತಾಗುತ್ತೆ” ಎಂದು ಯಜಮಾನರು ನಗುತ್ತಿದ್ದರು. ಹೊಸ ಜೋಡಿ ಹೊಲಿದಾಗಲೆಲ್ಲ ಒಂದು ಹೊಸ ಹಾಳೆ ಆ ಗಿರಾಕಿಯ ಲಕೋಟೆಗೆ ಸೇರುತ್ತಿತ್ತು.

ಒಂದು ದಿನ ಕಪಾಟಿನ ಹಿಂದೆ ಗೆದ್ದಲು ಕಂಡಿತು.

“ಎಲ್ಲಾನೂ ಕಂಪ್ಯೂಟರಿಗೆ ಹಾಕ್ಬಿಡು. ಕಾಗದ ರದ್ದಿಗೆ ಹೋಗ್ಲಿ” ಅಂದರು ಯಜಮಾನರು. “ಯಾವ ವ್ಯವಸ್ಥೆ ಬೇಕು ಅಂತ ನೀನೇ ಆರಿಸಮ್ಮ.”

“ನಾನಾ ಮಾವ? ತಪ್ಪಾದ್ರೆ?”

“ತಪ್ಪಾದ್ರೆ ಜನ ಕುಂಟ್ತಾರೆ. ಅದಕ್ಕೇ ನಿನಗೆ ಹೇಳಿದ್ದು.”

ಅಂದಿನಿಂದ ಅವಳಿಗೆ ಅನ್ನ ನೀರು ಸೇರಲಿಲ್ಲ. ಹಾಳೆ ರದ್ದಿಗೆ ಹೋದ ಮೇಲೆ ಅದರಲ್ಲಿದ್ದ ಪಾದ ಮತ್ತೆ ಸಿಗುವುದಿಲ್ಲ.

ವ್ಯವಸ್ಥೆ ಮಾರಲು ಮೊದಲು ಬಂದವನ ಮಾತು ಅರಳು ಹುರಿದಂತೆ. ಮಾದರಿಗೆಂದು ಕೊಟ್ಟ ಲಕೋಟೆಗಳನ್ನು ಅವನ ಯಂತ್ರ ಗಬಗಬನೆ ನುಂಗಿತು. ಹೆಸರು ಒತ್ತಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಹಾಳೆ ಪರದೆಯ ಮೇಲೆ ಬರುತ್ತಿತ್ತು. ಹೊಲಿಗೆಯವರು ಚಪ್ಪಾಳೆ ತಟ್ಟಿದರು. ಅನುಮಾನದಕ್ಕ ಮಾತ್ರ ಪರದೆಯ ಹತ್ತಿರ ಮೂಗು ತಂದು ನಿಂತಿದ್ದಳು.

“ಎಡಪಾದ ಎಲ್ಲಿ?”

“ಯಾವ ಎಡಪಾದ ಮೇಡಂ?”

“ಹಿಂಬದೀಲಿ ಇರೋದು.”

ಅವನು ಹುಡುಕಿದ. ಇರಲಿಲ್ಲ. ಸೀಸದ ಗೆರೆ ಅಷ್ಟು ತೆಳುವಾಗಿದ್ದರಿಂದ ಹಿಂಬದಿಗಳೆಲ್ಲ ಖಾಲಿ ಎಂದುಕೊಂಡು ಯಂತ್ರ ತಾನಾಗಿಯೇ ಬಿಟ್ಟುಬಿಟ್ಟಿತ್ತು.

“ಅಯ್ಯೋ ಸ್ವಾಮಿ, ಊರೋರನ್ನೆಲ್ಲ ಒಂಟಿಕಾಲಲ್ಲಿ ನಿಲ್ಲಿಸಿಬಿಟ್ರಲ್ಲ!” ಎಂದ ಹೊಲಿಗೆಯವರಲ್ಲಿ ಹಿರಿಯ.

ಎಲ್ಲರೂ ನಕ್ಕರು. ಬಂದವನೂ ಕಿವಿ ಕೆಂಪಗಾಗಿಸಿಕೊಂಡು ನಕ್ಕ. ಒಳ್ಳೆಯ ಮನುಷ್ಯ, ಕೂತು ಅದನ್ನು ಸರಿಪಡಿಸಿದ. ಈಗ ಹಿಂಬದಿಯೂ ಬಂತು, ಆದರೆ ಬೇರೆ ಪುಟವಾಗಿ.

“ಒಂದರ ಮೇಲೊಂದು ಕೂರಿಸೋಕೆ ಬರಲ್ವಾ?”

“ಪಕ್ಕ ಪಕ್ಕ ಇಡಬಹುದು ಮೇಡಂ. ಮೇಲೆ ಮೇಲೆ...” ಅವನೇ ಹೇಳಿದ, “ಇಲ್ಲ. ನಮ್ಮದರಲ್ಲಿ ಅದಿಲ್ಲ.”

ಅವನು ಹೋದ ಮೇಲೆ ಅವಳು ಆ ಲಕೋಟೆಗಳ ಹಾಳೆಗಳನ್ನು ಒಂದೊಂದಾಗಿ ಮಗುಚಿ ನೋಡಿದಳು. ಆ ಒಂದು ಪ್ರಶ್ನೆ ಬಾಯಿಗೆ ಬಾರದೆ ಹೋಗಿದ್ದರೆ? ಕೇಳಬೇಕಾದ ಇನ್ನೆಷ್ಟು ಪ್ರಶ್ನೆಗಳು ತನಗೆ ಹೊಳೆದೇ ಇಲ್ಲವೋ?

ಎರಡನೆಯದನ್ನು ತಂದವಳು ಮಿತಭಾಷಿ. ಅವಳ ವ್ಯವಸ್ಥೆ ನೋಡಲು ಸಪ್ಪೆ, ಹುಡುಕುವುದೂ ನಿಧಾನ. ಕಟ್ಟಡ ಕಟ್ಟುವವರಿಗಾಗಿ ಮಾಡಿದ್ದಂತೆ. ಹಳೇ ನಕ್ಷೆಯ ಮೇಲೆ ಹೊಸ ನಕ್ಷೆ ಹಾಸಿ ಎಲ್ಲಿ ಬದಲಾಯಿತು ಎಂದು ತೋರಿಸುತ್ತದೆಯಂತೆ. “ಹಾಗಾದ್ರೆ ಪಾದ ಹಾಸಿ” ಅಂದಳು ಅನುಮಾನದಕ್ಕ.

ಆಗ ಅಲ್ಲೇ ಬೆಂಚಿನ ಮೇಲೆ ಅಂಚೆಯಕ್ಕ ಹೊಸ ಬೂಟು ಹಾಕಿ ನೋಡುತ್ತಿದ್ದಳು. ಎಡಪಾದ ಚಿಕ್ಕದಾದ ಅವಳು ಶಾಲೆಗೆ ಸೇರುವ ಮೊದಲಿನಿಂದಲೂ ಅಲ್ಲಿಯ ಗಿರಾಕಿ. ಈಗ ಮನೆಮನೆಗೆ ಅಂಚೆ ಹಂಚುವವಳು. ಅವಳ ಲಕೋಟೆಯೇ ಎಲ್ಲಕ್ಕಿಂತ ದಪ್ಪ.

“ಅಕ್ಕ, ನಿಮ್ಮ ಪಾದಗಳನ್ನ ಗೋಡೆ ಮೇಲೆ ತೋರಿಸ್ಲಾ? ಬೇಡ ಅಂದ್ರೆ ಬೇಡ” ಎಂದು ಅನುಮಾನದಕ್ಕ ಕೇಳಿದಳು.

“ಊರೆಲ್ಲ ದಿನಾ ನೋಡೋ ಕಾಲು. ಗೋಡೆ ನೋಡಿದ್ರೆ ಸವೆಯುತ್ತಾ? ತೋರ್ಸಮ್ಮ.”

ಕಿಟಕಿ ಮುಚ್ಚಿ, ತಂದವಳ ಪ್ರೊಜೆಕ್ಟರ್ ಹಚ್ಚಿದರು. ಸುಣ್ಣದ ಗೋಡೆಯ ಮೇಲೆ ನೀಲಿ ಗೆರೆಯಲ್ಲಿ ಬಲಪಾದ, ಅದರ ಮೇಲೆ ಮಗುಚಿಕೊಂಡು ಬಂದು ಕೂತ ಕೆಂಪು ಗೆರೆಯ ಎಡಪಾದ. ಥೇಟ್ ಕಿಟಕಿಗೆ ಹಿಡಿದ ಹಾಗೇ. ಯಜಮಾನರು ತಲೆದೂಗಿದರು. ಅಲ್ಲಿಗೆ ಮುಗಿಸಬಹುದಿತ್ತು. ಆದರೆ ಅನುಮಾನದಕ್ಕನಿಗೆ ಇನ್ನೊಂದು ಹಾಳೆ ಹಾಕಿದರೆ ಹಳೆಯದು ಅಳಿಸಿಹೋದೀತೇ ಎಂಬ ಅನುಮಾನ.

“ಲಕೋಟೇಲಿರೋದನ್ನೆಲ್ಲ ಹಾಕಿ” ಅಂದಳು.

ಮೊದಲು ಬಂದದ್ದು ಅಂಗೈಯಲ್ಲಿ ಅಡಗುವಂಥ ಪುಟ್ಟ ಪಾದ. ಅದರ ಹೊರಗೆ ಇನ್ನೊಂದು. ಅದರ ಹೊರಗೆ ಮತ್ತೊಂದು. ಒಂದರೊಳಗೊಂದು ಇಟ್ಟ ಡಬ್ಬಿಗಳ ಹಾಗೆ ಗೆರೆಗಳು ಹಿಮ್ಮಡಿಯಿಂದ ಬೆರಳಿನತ್ತ ಹರಡುತ್ತ ಹೋದವು. ಒಬ್ಬ ಹೆಣ್ಣುಮಗಳ ಆಯಸ್ಸು ಅವರ ಕಣ್ಣೆದುರೇ ಬೆಳೆಯುತ್ತಿತ್ತು. ಹೊಲಿಗೆ ಯಂತ್ರಗಳು ಒಂದೊಂದಾಗಿ ನಿಂತವು. ನೀಲಿ ಗೆರೆ ದಾಪುಗಾಲಿನಲ್ಲಿ ಮುಂದೆ ಮುಂದೆ. ಕೆಂಪು ಗೆರೆ ಕೂದಲೆಳೆಯಷ್ಟು, ಮತ್ತೆ ಕೂದಲೆಳೆಯಷ್ಟು, ಅಕ್ಕನ ಸೆರಗು ಹಿಡಿದ ತಂಗಿಯಂತೆ ಹಿಂದೆ ಹಿಂದೆ.

ಅಂಚೆಯಕ್ಕ ಒಂದೇ ಬೂಟಿನಲ್ಲಿ ಎದ್ದು ಗೋಡೆಯ ಹತ್ತಿರ ಹೋದಳು.

“ನಿಂತೋಯ್ತು ಅಂದಿದ್ರಲ್ಲ ಡಾಕ್ಟ್ರು” ಎಂದಳು. “ಚಿಕ್ಕೋಳಿದ್ದಾಗಲೇ ಈ ಕಾಲು ಬೆಳೆಯೋದು ನಿಂತೋಯ್ತು ಅಂತ. ಅಮ್ಮನೂ ಹಾಗೇ ಹೇಳಿ ಹೇಳಿ ಅಳೋಳು. ಇದು ನಿಂತೇ ಇಲ್ವಲ್ಲ!”

ಯಜಮಾನರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. “ಎಲ್ಲಾ ನನ್ನ ಕೈಯಿಂದಲೇ ಬರೆದದ್ದು. ಆದ್ರೆ ನಾನೂ ಇವತ್ತೇ ನೋಡ್ತಿರೋದು ತಾಯಿ. ಯಾವಾಗ್ಲೂ ಎಡಾನ ಬಲದ ಜೊತೆ ತಾಳೆ ನೋಡ್ತಿದ್ವಿ. ಹಿಂದಿನ ಎಡದ ಜೊತೆ ನೋಡ್ಲೇ ಇಲ್ಲ.”

ಕೆಂಪು ಗೆರೆಗಳ ನಡುವೆ ಒಂದು ಕಡೆ ಬೆರಳಗಲ ಜಾಗ ಬಿಟ್ಟಿತ್ತು. ಎಲ್ಲೋ ಒಂದು ವರ್ಷ ಆ ಪುಟ್ಟ ಪಾದ ಇದ್ದಕ್ಕಿದ್ದಂತೆ ನೆಗೆದಿತ್ತು. ಅಂಚೆಯಕ್ಕ ಅಲ್ಲಿ ಬೆರಳಿಟ್ಟಳು. ಬೆಳಕು ಅವಳ ಉಗುರಿನ ಮೇಲೆ ಬಿತ್ತು.

“ಆಗ ಏನಾಗಿತ್ತು?” ಎಂದು ಅನುಮಾನದಕ್ಕ ಅವಳನ್ನು ಕೇಳಿದಳು.

“ನೆನಪಿಲ್ಲಮ್ಮ. ನೀವೇ ಹೇಳ್ಬೇಕು ಯಜಮಾನ್ರೇ.”

“ಬರೆದವನು ನಾನು. ಬೆಳೆಸಿದವನಲ್ಲ.”

ಅನುಮಾನದಕ್ಕನ ಕಣ್ಣು ತುಂಬಿತ್ತು. ಆದರೂ ಹುಟ್ಟುಗುಣ ಎಲ್ಲಿ ಹೋದೀತು? ಮೂಗೊರೆಸಿಕೊಂಡು ತಂದವಳನ್ನು ಕೇಳಿದಳು:

“ನಾಳೆ ನಿಮ್ಮ ಕಂಪನಿ ಮುಚ್ಚಿಹೋದ್ರೆ ಇವೆಲ್ಲ?”

“ಎಲ್ಲ ಹಾಳೆಗಳೂ ಸಾಮಾನ್ಯ ಚಿತ್ರಗಳಾಗಿ ನಿಮ್ಮ ಹತ್ತಿರವೇ ಒಂದು ಪ್ರತಿ ಇರುತ್ತೆ. ಯಾವ ಕಂಪ್ಯೂಟರಲ್ಲಾದ್ರೂ ತೆರೆಯುತ್ತೆ. ಒಂದರ ಮೇಲೊಂದು ಹಾಸೋದು ಮಾತ್ರ ಇರಲ್ಲ.”

“ತೆಗೆದು ತೋರಿಸಿ.”

ತೋರಿಸಿದಳು. ಅವಳ ಕಂಪ್ಯೂಟರಿನಲ್ಲಿ ಅಲ್ಲ, ಮೂಲೆಯಲ್ಲಿದ್ದ ಕಾರ್ಖಾನೆಯ ಹಳೇ ಕಂಪ್ಯೂಟರಿನಲ್ಲೇ. ಹಿಂಬದಿಗಳೂ ಇದ್ದವು.

“ಇದೇ ಇರಲಿ ಮಾವ. ಆದ್ರೆ ಪ್ರತಿ ಹಾಳೆ ಎರಡೂ ಕಡೆ ನಾನು ಕಣ್ಣಾರೆ ನೋಡೋವರೆಗೂ ಒಂದು ಲಕೋಟೇನೂ ರದ್ದಿಗೆ ಕೊಡಬಾರದು.”

“ಅಷ್ಟರಲ್ಲಿ ಗೆದ್ದಲಿಗೆ ಮೊಮ್ಮಕ್ಕಳಾಗುತ್ತೆ” ಅಂದ ಹೊಲಿಗೆಯ ಹಿರಿಯ.

“ಆಗ್ಲಿ ಬಿಡು. ನೋಡ್ಲಿ ಅವಳು” ಅಂದರು ಯಜಮಾನರು.

ನೋಡಿದಳು. ಆಮೇಲೆಯೇ ಕಾಗದ ಹೋಯಿತು. ಅಂಚೆಯಕ್ಕನ ಲಕೋಟೆಯನ್ನು ಮಾತ್ರ ಅವಳೇ ಬಂದು ಎದೆಗವಚಿಕೊಂಡು ಮನೆಗೆ ಒಯ್ದಳು.

ಅನುಮಾನದಕ್ಕ ಆರಿಸಿದ್ದು ಸರಿಯೇ, ಹೊಲಿಗೆಯವರ ಮಕ್ಕಳ ಕಾಲಕ್ಕೂ ಆ ಪಾದಗಳು ತೆರೆದುಕೊಳ್ಳುತ್ತವೆಯೇ, ಅದು ತಿಳಿಯದು. ಆ ಒಂದು ವರ್ಷ ಆ ಪುಟ್ಟ ಪಾದ ಯಾಕೆ ನೆಗೆಯಿತು ಎಂಬುದು ಯಾರಿಗೂ ತಿಳಿದಿಲ್ಲ.